ಐದು ಬಟ್ಟೆ, ಒಂದು ತೊಗಲು, ಒಂದು ಕಬ್ಬಿಣ

ಷಟರ್ ಅರ್ಧ ಇಳಿಸಿದ್ದೇನೆ.
ಅರಸೀಕೆರೆ ಸ್ಟೇಷನ್ನಿನಲ್ಲಿ ಯಾವುದೋ ಗಾಡಿ
ತಡವಾಗಿದ್ದಕ್ಕೆ ವಿಷಾದಿಸುತ್ತಿದೆ, ಮೂರು ಭಾಷೆಯಲ್ಲಿ.
ರೆಕ್ಸಿನ್ ಚೂರು, ಸ್ಪಂಜಿನ ಪುಡಿ ಮೂಲೆಗೆ ತಳ್ಳಿ
ಹೊಲಿಗೆ ಮಿಷನ್ನಿನ ಪಕ್ಕದ ಹಳೇ ಕಂಪ್ಯೂಟರಿನಲ್ಲಿ
ನನ್ನ ಹೆಣ್ಣನ್ನು ಎಬ್ಬಿಸುತ್ತೇನೆ.
ಹೆಸರು ತಗಡಮ್ಮ.
ಕತ್ತಿಯೂ ಬರುತ್ತದೆ, ಮಂತ್ರವೂ ಬರುತ್ತದೆ.
ತೊಂದರೆ ಇರುವುದೇ ಅಲ್ಲಿ.

ಕಬ್ಬಿಣ ತೊಟ್ಟರೆ ಏಟು ತಡೆಯುತ್ತಾಳೆ,
ಆದರೆ ಎರಡು ಸಲ ಬೆಂಕಿ ಎಸೆಯುವಷ್ಟರಲ್ಲಿ
ಮಂತ್ರದ ನೀಲಿ ಪಟ್ಟಿ ಬತ್ತಿ
ಬೇಸಗೆಯ ನಲ್ಲಿಯ ಹಾಗೆ ಗೊರ್ ಅನ್ನುತ್ತದೆ.
ಬಟ್ಟೆ ತೊಟ್ಟರೆ ನೀಲಿ ಉಕ್ಕುತ್ತದೆ,
ಇಲಿ ಕಚ್ಚಿದರೂ ಸಾಯುತ್ತಾಳೆ.
ತೊಗಲು ಜಾಣ. ಅದು ತಡೆಯುವುದಿಲ್ಲ,
ತಪ್ಪಿಸಿಕೊಳ್ಳುವುದನ್ನು ಕಲಿಸುತ್ತದೆ.

ಕಡೂರಿನ ಲೋಹಿತ್, ಹೆಸರಲ್ಲೇ ಲೋಹ ಇಟ್ಟುಕೊಂಡವನು,
ತಲೆಯಿಂದ ಪಾದದವರೆಗೆ ಏಳಕ್ಕೆ ಏಳೂ ಕಬ್ಬಿಣ,
ಹೆಡ್‌ಫೋನಿನಲ್ಲಿ ನಗುತ್ತಾನೆ:
‘ಎರಡು ದೋಣಿ ಮೇಲೆ ಕಾಲಿಡಬೇಡಿ ಅಕ್ಕಾ.’
ಕಾಲಿನ ಮಾತಿಗೆ ನಾನು ಹೋಗುವುದಿಲ್ಲ.
‘ಕಂತೆಗೆ ತಕ್ಕ ಬೊಂತೆ ಕಣೋ’ ಅನ್ನುತ್ತೇನೆ.

ಬೆಳಿಗ್ಗೆ ಗೀಜಿಹಳ್ಳಿಯ ಆಟೋ ಕಾಂತರಾಜು
ಸೀಟು ಬಿಚ್ಚಿಕೊಂಡು ಬಂದಿದ್ದ.
ಪೂರಾ ರೆಕ್ಸಿನ್ ಹಾಕಿಬಿಡಿ, ಮಳೆಗೆ ಬಾಳಿಕೆ ಬರುತ್ತೆ, ಅಂದ.
ಏಪ್ರಿಲ್ ಮಧ್ಯಾಹ್ನ ಎರಡಕ್ಕೆ ಅದರ ಮೇಲೆ ಕೂತು ಬಾ, ಅಂದೆ.
ಅಂಚಿಗೆ ರೆಕ್ಸಿನ್, ಮೂಲೆಗೆ ಒಂದು ಪಟ್ಟಿ ತೊಗಲು,
ಮೈ ತಾಗುವ ಕಡೆಗೆ ಬಟ್ಟೆ.
ಹದಿನೆಂಟು ವರ್ಷದಿಂದ ನನಗೆ ಗೊತ್ತಿರುವ ವಿದ್ಯೆ ಇಷ್ಟೇ.

ಹಾಗಾಗಿ ತಗಡಮ್ಮನಿಗೆ
ತಲೆಗೆ ಬಟ್ಟೆ, ಹೆಗಲಿಗೆ ಬಟ್ಟೆ, ಕೈಗೆ, ಪಾದಕ್ಕೆ,
ಸೊಂಟಕ್ಕೆ ತೊಗಲು,
ಎದೆಗೆ ಒಂದೇ ಒಂದು ಕಬ್ಬಿಣ.
‘ಕಾಲಿಗೂ ಕಬ್ಬಿಣ ಹಾಕಿ ಅಕ್ಕಾ, ಲೆಕ್ಕ ನೋಡಿ,
ಎದೆ ಬಿಟ್ಟರೆ ಅಲ್ಲೇ ಜಾಸ್ತಿ ರಕ್ಷಣೆ.’
ಲೆಕ್ಕ ಸರಿ.
ಅದೊಂದು ಆಗಲ್ಲ, ಅಂದೆ.
‘ಯಾಕೆ?’
ಕಾಲಿಗೆ ಬಟ್ಟೆ. ಐದನೆಯದು.

ಗವಿಯೊಳಗೆ ಎಲುಬಿನ ರಾಜ.
ಮೂರು ಸಲ ಸತ್ತೆವು.
ಆಲ್ದೂರಿನ ಜಬೀನಾ, ಗಾಯ ಮಾಯಿಸುವವಳು,
ಅವಳಿಗೆ ಮಾತು ಕಡಿಮೆ,
‘ಅಕ್ಕನದ್ದು ತಪ್ಪಿಲ್ಲ’ ಅಂದಳು ಒಂದು ಸಲ, ಅಷ್ಟೇ.
ನಾಲ್ಕನೆಯ ಸಲ ಲೋಹಿತ್ ನಿಂತಲ್ಲೇ ಜಜ್ಜಿಹೋದ,
ಡಬ್ಬದೊಳಗಿನ ಮೀನಿನಂತೆ.
‘ಓಡಿ ಅಕ್ಕಾ!’
ಓಡಿದೆ.
ಎಷ್ಟು ಚೆನ್ನಾಗಿ ಓಡಿದೆ ಅಂದರೆ
ಬಾಣಗಳು ನಾನು ಇದ್ದ ಜಾಗವನ್ನು ಹುಡುಕುತ್ತಿದ್ದವು,
ಬಟ್ಟೆ ಸುತ್ತಿದ ಎರಡು ಕಾಲು, ಎರಡೂ ಒಂದೇ ಅಳತೆಯವು,
ಕಲ್ಲಿಂದ ಕಲ್ಲಿಗೆ,
ಉಗುರಿನಷ್ಟು ಜೀವ ಉಳಿದಿದ್ದಾಗ
ಎದೆಯ ಕಬ್ಬಿಣ ಒಂದು ಏಟು ನುಂಗಿತು,
ನೀಲಿ ತುಂಬಿತು, ಬೆಂಕಿ ಎಸೆದೆ.

ಎಲುಬು ಉದುರಿದ ಕಡೆ ಬಹುಮಾನ ಬಿದ್ದಿತ್ತು.
ಬಂಗಾರದ ಅಕ್ಷರದಲ್ಲಿ, ನನ್ನ ಹೆಸರಿಗೆ:
ಕಬ್ಬಿಣದ ಕಾಲ್ಗಾಪು.
ಲೋಹಿತ್ ಕಿರುಚಿದ, ‘ಹಾಕ್ಕೊಳ್ಳಿ ಅಕ್ಕಾ! ವರ್ಷಗಟ್ಟಲೆ ಸಿಗಲ್ಲ ಇದು!’
ನನಗೆ ನಗು ತಡೆಯಲಾಗಲಿಲ್ಲ.
ನಿನಗೇ ಇರಲಿ ಮಾರಾಯ, ಅಂದೆ,
ಅವನು ಏನೋ ಅರ್ಥ ಮಾಡಿಕೊಂಡು ಸುಮ್ಮನಾದ,
ತಪ್ಪು ಅರ್ಥವೇ ಇರಬೇಕು.

ಕಂಪ್ಯೂಟರ್ ಆರಿಸಿ ಹಾಸಿಗೆಯ ಮೇಲೆ ಕೂರುತ್ತೇನೆ.
ಮೊದಲು ತೊಡೆಯ ತೊಗಲು, ಮೂರು ಬಕಲ್.
ಆಮೇಲೆ ಮಂಡಿಯ ಬೀಗ, ಎರಡು ಕಂಬಿ.
ಹಾಸನದ ಶಿಬಿರದಲ್ಲಿ ಅಳತೆ ತೆಗೆದ ಹುಡುಗ
ಕಣ್ಣು ಬೇರೆ ಕಡೆ ಇಟ್ಟು ಟೇಪು ಹಿಡಿದಿದ್ದ.
ಕೊನೆಗೆ ಒಳಗಿನ ಸುತ್ತು,
ಅಮ್ಮನ ಹಳೇ ಸೀರೆಯ ತುಂಡು.
ಕ್ಯಾಲಿಪರ್ ಗೋಡೆಗೆ ಒರಗಿ ನಿಲ್ಲುತ್ತದೆ,
ನನಗಿಂತ ನೆಟ್ಟಗೆ.

ಗಾಡಿ ಬಂತು ಅಂತ ಕಾಣುತ್ತದೆ, ಗಾಜಿನ ಲೋಟ ನಡುಗಿತು.
ಬಟ್ಟೆ ಬೆವರಿಗೆ ನೆಂದಿದೆ.
ಈಗಲೇ ಹಿಂಡಿ ಹಾಕಿದರೆ
ಬೆಳಿಗ್ಗೆಗೆ ಒಣಗುತ್ತದೆ.