ಎಡವಟ್ಟು

ಮೂರು ಮೀಟರ್ ಓಕ್ ಹಲಗೆ.
ದೋಣಿಯವನು ಅದಕ್ಕೂ ಒಂದು ಟಿಕೆಟ್ಟು ಹರಿದ, ನಗಲಿಲ್ಲ.
ಪೋಲ್ರುವಾನಿನ ಏರುಬೀದಿಯಲ್ಲಿ ನಾನು ಮುಂದೆ, ತಮ್ಮ ಪೆರ್ರನ್ ಹಿಂದೆ,
ಪ್ರತಿ ತಿರುವಿನಲ್ಲೂ ಯಾರದೋ ಹೂಕುಂಡಕ್ಕೆ ಕ್ಷಮೆ ಕೇಳುತ್ತ.

ಅಳೆದೂ ಸುರಿದೂ ಮೂರು ದಿನ.
ಮೇಲ್ಮೈ ಸಿಬಿರೇಳದಿರಲೆಂದು ಹಲಗೆಯನ್ನು ಬೋರಲು ಹಾಕಿ
ಗೆರೆ ಎಳೆದೆ, ಗರಗಸವಿಟ್ಟೆ.
ಎಷ್ಟು ನೇರ ಹೋಯಿತೆಂದರೆ
ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಗುಚಿ ಕೂರಿಸಿದಾಗ
ಸಿಂಕಿನ ತೂತು ಕಿಟಕಿಯ ಕೆಳಗಿರಲಿಲ್ಲ.
ಆ ತುದಿಯಲ್ಲಿ, ಬರಿಯ ಗೋಡೆಯೆದುರು
ಬಾಯಿ ಬಿಟ್ಟುಕೊಂಡು ಮಲಗಿತ್ತು.
ಎಡವಟ್ಟೆಂದರೆ ಇದೇ:
ಎಡಕ್ಕೆಂದು ಕೊರೆದದ್ದು ಬಲಕ್ಕೆ ಬಂದು ಕೂರುವುದು.
ಚಹಾ ಮಾಡಲೇ ಎಂದ ಪೆರ್ರನ್.
ನೀರು ಬಂದ್ ಮಾಡಿದ್ದೆವು.

ಹಲಗೆಯ ಬೆಲೆ ನೆನೆದು
ನಲ್ಲಿಯನ್ನೇ ತೂತಿದ್ದಲ್ಲಿಗೆ ಕರೆತಂದೆವು.
ಈಗ ಪಾತ್ರೆ ತೊಳೆಯುವಾಗ ನನಗೆ ಕಾಣುವುದು ಸುಣ್ಣ.
ಬಂದರಿನ ನೋಟವೆಲ್ಲ
ನಾದಿಟ್ಟ ಬ್ರೆಡ್ಡಿನ ಹಿಟ್ಟಿಗೆ.

ಫೆಬ್ರವರಿಯಲ್ಲಿ ಹಲಗೆಯ ಅಂಚೆದ್ದಿತು, ಒಂದು ಬೆರಳು.
ಮೊಟ್ಟೆ ಇಟ್ಟರೆ ನಡುವಿಗೆ ಉರುಳುತ್ತಿತ್ತು.
ದೋಣಿ ಕಟ್ಟಿ ಕಟ್ಟಿ ಬೆರಳು ಸೊಟ್ಟಗಾದ ಮುದುಕ ಹೊಸ್ಕೆನ್ ಬಂದು
ಮೇಲೆ ನೋಡಲೇ ಇಲ್ಲ, ಕೈಯನ್ನು ಅಡಿಗೆ ತೂರಿಸಿದ.
"ಕೆಳಗೆ ಎಣ್ಣೆ ಹಚ್ಚಿಲ್ಲ."
"ಕಾಣದ ಜಾಗಕ್ಕೆ ಯಾರು ಹಚ್ಚುತ್ತಾರೆ?"
"ಆವಿಗೆ ಕಾಣುತ್ತದೆ."

ನಾನು ಹಲ್ಲು ಕಚ್ಚಿ ಬಿಗಿದಿದ್ದ ಹನ್ನೆರಡು ತಿರುಪು ಬಿಚ್ಚಿದ.
ದುಂಡು ತೂತುಗಳನ್ನು ಅರದಿಂದ ಉಜ್ಜಿ ಉಜ್ಜಿ
ಬಾರ್ಲಿ ಕಾಳಿನಷ್ಟು ಉದ್ದ ಮಾಡಿದ.
ಒಲೆ ಉರಿದರೆ ಕುಗ್ಗುತ್ತದೆ, ಕಡಲ ಮಂಜು ಬಂದರೆ ಹಿಗ್ಗುತ್ತದೆ,
ಹಿಡಿದುಕೋ, ಅದುಮಬೇಡ, ಎಂದ.
ಕೂಲಿ ಕೇಳಲಿಲ್ಲ. ಸಿಂಕಿಗೆಂದು ಕೊರೆದ ತುಂಡನ್ನು
ಮೀನು ಹೆಚ್ಚಲಾಯಿತೆಂದು ಬಗಲಲ್ಲಿಟ್ಟುಕೊಂಡು ಹೋದ.

ಮತ್ತೊಂದು ತಪ್ಪನ್ನು ಯಾರಿಗೂ ಹೇಳಿಲ್ಲ.
ಒದ್ದೆ ತಳದ ಕಾಕಂಬಿ ಡಬ್ಬಿಯನ್ನು ಒಂದು ರಾತ್ರಿ ಅಲ್ಲೇ ಬಿಟ್ಟೆ.
ಬೆಳಿಗ್ಗೆ ಮಸಿಯಂಥ ಕಪ್ಪು ಬಳೆ.
ಕಬ್ಬಿಣ ತಾಗಿದರೆ ಓಕ್ ಹೀಗೆ ಮುನಿಯುತ್ತದಂತೆ.
ಉಜ್ಜಿದೆ. ಇನ್ನೊಮ್ಮೆ ಉಜ್ಜಿದೆ.
ಈಗ ಅದರ ಮೇಲೆ ಬೆಣ್ಣೆ ಬಟ್ಟಲು ಇಡುತ್ತೇನೆ,
ಅತಿಥಿಗಳು ಬೆಣ್ಣೆ ಕೇಳದಿರಲಿ.

ವರ್ಷಕ್ಕೆರಡು ಸಲ ಕಪಾಟಿನ ಬಾಗಿಲು ಕಳಚಿ
ತಲೆ ಒಳಗೆ ತೂರಿಸಿ, ಅಂಗಾತ ಮಲಗಿ
ಅಡಿಗೆ ಎಣ್ಣೆ ಹಚ್ಚುತ್ತೇನೆ; ಮೂಗಿನ ಮೇಲೆ ಹನಿ.
ಅಲ್ಲೇ ಇದೆ ನನ್ನ ಪೆನ್ಸಿಲ್ ಬರಹ:
"ಸಿಂಕ್ ಇಲ್ಲಿ. ಎಡಕ್ಕೆ." ಪಕ್ಕದಲ್ಲಿ ದಪ್ಪ ಬಾಣ,
ಅದರ ಕೆಳಗೆ ಎರಡು ಗೆರೆ, ಅನುಮಾನವೇ ಇಲ್ಲದ ಎರಡು ಗೆರೆ.
ಇಲ್ಲಿಂದ ನೋಡಿದರೆ ಎಲ್ಲವೂ ಸರಿ.
ಬಟ್ಟೆ ಎಣ್ಣೆಗದ್ದಿ ಅದರ ಮೇಲೂ ಒರೆಸುತ್ತೇನೆ.
ಅಳಿಸುವುದಿಲ್ಲ,
ಇನ್ನಷ್ಟು ಕಪ್ಪಾಗುತ್ತದೆ.