ತೊಂಬತ್ತನಾಲ್ಕನೆಯ ಪುಟ

ಗುರುವಾರ ಸಂಜೆ, ಲಿಯೇಜಿನ ನಮ್ಮ ಓಣಿಯಲ್ಲಿ,
ಅಂಗಡಿ ಬಾಗಿಲು ಅರ್ಧ ಎಳೆದು ಒಳಗೆ ಕುರ್ಚಿ ಹಾಕುತ್ತೇನೆ.
ಇರುವುದು ಆರು. ಒಂದರ ಕಾಲು ಕುಂಟು,
ಅದರಡಿಗೆ ಯಾರೂ ಕೊಳ್ಳದ ಯಾವುದೋ ಚಿತ್ರಕಥೆ.

ಎರಡು ವರ್ಷ ಕಾಯಿಸಿ ಬಂದಿದೆ ಏಳನೆಯ ಸಂಪುಟ,
ಬಿಡಿ ಸಂಚಿಕೆಗಳನ್ನೆಲ್ಲ ಒಟ್ಟು ಹೊಲಿದ ದಪ್ಪ ಪುಸ್ತಕ.
ರಟ್ಟಿನ ಮೇಲೆ ಅದೇ ದೋಣಿಗಾತಿ, ಅದೇ ಉಪ್ಪಿನ ಕಡಲು,
ಅವಳ ಕಾಲ ಬಳಿ ಅದೇ ನರಿ,
ಪಕ್ಕೆಲುಬಿನ ಗೂಡಲ್ಲಿ ದೀಪ ಹೊತ್ತಿಸಿಕೊಂಡು
ಆರು ಸಂಪುಟ ದಾಟಿ ಬಂದದ್ದು.

ಮೊದಲು ಬಾಯಿ ತೆರೆದವನು ಗಿಸ್ಲೇನ್.
ಟ್ರಾಮ್ ಓಡಿಸುವವನು, ಎಲ್ಲದಕ್ಕೂ ಕೊನೆಯ ನಿಲ್ದಾಣ ಬೇಕು.
‘ನಾಲ್ಕಕ್ಕೇ ನಿಲ್ಲಿಸಬೇಕಿತ್ತು. ಅಲ್ಲಿಂದೀಚೆ
ಬರೀ ನೀರು ಬೆರೆಸಿದ್ದಾರೆ.’

ವಿವೀನ್ ರಾತ್ರಿ ಪಾಳಿಯ ದಾದಿ. ಕೈಗಳನ್ನೇ ನೋಡುತ್ತಾಳೆ.
‘ಹಳೆಯ ಕಲಾವಿದ ಉಗುರಿನ ಕೊಳೆಯನ್ನೂ ಬಿಟ್ಟವನಲ್ಲ.
ಈ ಹೊಸಬ ನೋಡಿ,
ಐದು ಬೆರಳು ಬಿಡಿಸಲು ಬಾರದೆ
ಪಾತ್ರಗಳಿಗೆಲ್ಲ ಚಳಿ ಹಿಡಿಸಿ
ಕೈ ಕಿಸೆಗಿಡಿಸಿದ್ದಾನೆ.
ಇನ್ನು ಕಾಗದ! ಆ ಮಗ್ಗುಲಿನ ಶಾಯಿ ಈ ಮಗ್ಗುಲಿಗೆ ಇಣುಕುತ್ತದೆ.
ನಲವತ್ತೆರಡು ಯೂರೋ ಕೊಟ್ಟಿದ್ದೇನೆ ನಾನು.’

ಲ್ಯಾಟಿನ್ ಕಲಿಸುವ ಇಸೋಲ್ಟ್ ಮಾತ್ರ ಬಾಯ್ತುಂಬ ಹೊಗಳಿದಳು:
ನಡುವಿನ ಹದಿನಾರು ಪುಟ, ಒಂದೂ ಮಾತಿಲ್ಲ,
ದೋಣಿ ಬರೀ ಹೋಗುತ್ತಿರುತ್ತದೆ.
‘ಅದನ್ನು ಎರಡು ನಿಲ್ದಾಣಗಳ ನಡುವೆ ಓದಿ ಮುಗಿಸಿದೆ’ ಅಂದ ಗಿಸ್ಲೇನ್.
‘ಅದಕ್ಕೇ ನಿನಗದು ಸಿಕ್ಕಿಲ್ಲ’ ಅಂದಳು.

ಆಮೇಲೆ, ಯಾರೂ ಹೇಳದೆಯೇ,
ಎಲ್ಲರೂ ತೊಂಬತ್ತನಾಲ್ಕು ತೆಗೆದರು.
ಕೆಳಗೆ, ಬಲಮೂಲೆಯಲ್ಲಿ, ಅಂಚೆಚೀಟಿಯಷ್ಟು ಚೌಕ.
ನರಿಯ ದೀಪ ಆರುತ್ತದೆ.
ಅಳುವಿಲ್ಲ, ಗಾಳಿಯಿಲ್ಲ, ಒಂದಕ್ಷರವಿಲ್ಲ.
ಮುಂದಿನ ಪುಟದಲ್ಲಿ ದೋಣಿಗಾತಿ ಹುಟ್ಟು ಹಾಕುತ್ತಿದ್ದಾಳೆ.

‘ಇಷ್ಟು ದಿನ ಜೊತೆಗಿದ್ದ ಜೀವಕ್ಕೆ
ಎರಡು ಪುಟ ಹರಡಿ ಕೊಡಬಾರದಿತ್ತೆ?’
ಇಸೋಲ್ಟಳ ಹೊಗಳಿಕೆಯೂ ಇಲ್ಲಿ ತಡವರಿಸಿತು.
ರಾಕ್ಷಸರ ಮದುವೆಗೆ ಆರು ಪುಟ ಕೊಟ್ಟವರು! ವಿವೀನ್ ಎಣಿಸಿಟ್ಟಿದ್ದಳು.

ಲ್ಯಾಂಬೆರ್ ಬರುವುದು ಕಾಫಿಗೆ, ಹೀಟರಿನ ಬಿಸಿಗೆ.
ಪುಸ್ತಕ ಕೊಂಡದ್ದನ್ನು ನಾನು ಕಂಡಿಲ್ಲ, ಓದದೆ ಬಂದದ್ದನ್ನೂ.
ಕಪ್ಪು ಕೆಳಗಿಟ್ಟ.
‘ನಾನಿದ್ದ ಎರಕದ ಕಾರ್ಖಾನೆಯ ಕುಲುಮೆ ಆರಿಸಿದಾಗ
ಪೇಪರಿನಲ್ಲಿ ಇಷ್ಟೇ ಬಂದಿತ್ತು.
ಹಾಸಿಗೆ ಅಂಗಡಿಯ ಜಾಹೀರಾತಿನ ಪಕ್ಕ.’
ಹೆಬ್ಬೆರಳನ್ನು ಆ ಚೌಕದ ಮೇಲಿಟ್ಟ, ಪೂರ್ತಿ ಮುಚ್ಚಿತು.
‘ಅಳತೆ ಸರಿಯಾಗಿದೆ’ ಅಂದ.

ಹೊರಗೆ ಬಸ್ಸೊಂದು ಉಸಿರು ಬಿಟ್ಟು ನಿಂತು ಹೋಯಿತು.

ಕುಂಟು ಕುರ್ಚಿಯಲ್ಲಿ ಮುಜಿಂಗಾ ಇದ್ದಳು, ಒಂಬತ್ತು ವರ್ಷ,
ಪಕ್ಕದ ಲಾಂಡ್ರಿಯಲ್ಲಿ ಅಮ್ಮನ ಇಸ್ತ್ರಿ ಮುಗಿಯುವ ತನಕ.
ಹಿಂದಿನ ಆರು ಸಂಪುಟ ಗೊತ್ತಿಲ್ಲ,
ನೇರ ಏಳಕ್ಕೇ ಬಂದವಳು. ನಮಗೆ ಅದೊಂದು ಅಸಮಾಧಾನ.
ಅವಳು ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದಳು.
‘ಆರಿಲ್ಲವಲ್ಲ’ ಅಂದಳು.

ಹೋಗಿ ನೋಡಿದೆವು.
ತೊಂಬತ್ತಮೂರರಲ್ಲಿ ಯಾವುದೋ ಛತ್ರದ ಹಳದಿ ಕಿಟಕಿ,
ಯಾರೂ ಗಮನಿಸದ ಕಿಟಕಿ,
ತೆಳು ಕಾಗದವನ್ನು ಹಾಯ್ದು ಬಂದು
ನರಿಯ ಪಕ್ಕೆಲುಬುಗಳ ಮಧ್ಯೆ ಕೂತಿತ್ತು.

‘ಬೇಕೆಂದೇ ಮಾಡಿದ್ದು’ ಅಂದಳು ಇಸೋಲ್ಟ್.
‘ಮುದ್ರಣದ ದೋಷ’ ಅಂದ ಗಿಸ್ಲೇನ್.
ಕಾಗದವನ್ನು ಬೈದವಳು ಕನ್ನಡಕ ಒರೆಸಿ ಹಾಕಿಕೊಂಡಳು.
ಒಬ್ಬೊಬ್ಬರೇ ತಮ್ಮ ತಮ್ಮ ಪ್ರತಿಯನ್ನು ಎತ್ತಿ ಹಿಡಿದರು,
ಕತ್ತು ನೋಯುವಷ್ಟು ಹೊತ್ತು.

ಗಿಸ್ಲೇನನ ಪ್ರತಿಯಲ್ಲಿ ಮಾತ್ರ ಅಚ್ಚು
ಒಂದು ಕಡ್ಡಿಯಗಲ ಜರುಗಿತ್ತು,
ಬೆಳಕು ಬಾಲಕ್ಕೆ ಹತ್ತಿತ್ತು.

ಎಲ್ಲರೂ ಕೋಟು ತೊಡುವಾಗ ಅವನು ಹಿಂದುಳಿದ.
ನಾಲ್ಕಕ್ಕೇ ಮುಗಿಸಬೇಕಿತ್ತು ಎಂದವನು
ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ ಮೆಲ್ಲಗೆ ಕೇಳಿದ:
ಇದನ್ನು ಬದಲಾಯಿಸಿ ಕೊಡಲಾಗುತ್ತದೆಯೇ?