ಹಗುರ ಕೆಲಸ

ಸಂಬಳದ ಚೀಟಿಯಲ್ಲಿ ಹಾಗೇ ಅಚ್ಚು ಹಾಕುತ್ತಿದ್ದರು:
ದರ್ಜೆ ಎರಡು, ಹಗುರ ಕೆಲಸ.
ಇದೇನು ಬರೆದಿದೆ, ಕೇಳಿದಳು ಗುಲಿಜಾರ್.
ನಾನು ಕಂಪನಿಯ ದುಭಾಷಿ. ಹೇಳಿದೆ.
ಕಾರ್ಬ್ಯುರೇಟರು ತುಂಬಿದ ಪೆಟ್ಟಿಗೆಯನ್ನು
ಸೊಂಟಕ್ಕೆ ಆನಿಸಿಕೊಂಡೇ ನಿಂತಿದ್ದಳು.
ಇನ್ನೊಮ್ಮೆ ಹೇಳು, ಅಂದಳು.

ಆಮೇಲೆ ನಕ್ಕಳು. ಆ ನಗುವನ್ನು
ಜರ್ಮನ್ನಿಗೆ ತಾ ಎಂದು ಯಾರೂ ಕೇಳಲಿಲ್ಲ.

ಆರು ಹೆಜ್ಜೆ ಆಚೆ ಗಂಡಸರ ಸಾಲು.
ಅದೇ ತಿರುಪು, ಅದೇ ಸ್ಪ್ರಿಂಗು,
ಉಗುರಿನೊಳಗೆ ಅದೇ ಪೆಟ್ರೋಲು ನಾತ,
ಅವರ ಚೀಟಿಯಲ್ಲಿ ಬೇರೆ ದರ್ಜೆ.
ಹೊರುವಾಗ ಭಾರ, ಎಣಿಸುವಾಗ ಹಗುರ.

ನಾನು ಪ್ರಿಜ್ರೆನ್ ಊರಿನವಳು. ಅಲ್ಲಿ
ನೀರಿಗೆ ಹೋಗಿ ಬರುವಷ್ಟರಲ್ಲಿ
ಮೂರು ಭಾಷೆ ಕಾಲಿಗೆ ತೊಡರುತ್ತವೆ.
ಅವನ್ನು ಬಾಡಿಗೆಗೆ ಬಿಡಬಹುದೆಂದು ತಿಳಿದದ್ದು
ಇಲ್ಲಿ, ರೈನ್ ನದಿಯ ದಡಕ್ಕೆ ಬಂದ ಮೇಲೆ.
ಬೆಳಗಿನ ಐದೂವರೆಯಿಂದ ನನ್ನ ಬಾಯಿ ಕಂಪನಿಯದು:
ಬೇಗ. ಇಲ್ಲ. ಕಕ್ಕಸಿಗೆ ನಾಲ್ಕು ನಿಮಿಷ.
ಬಸುರಾದರೆ ಕೂಡಲೇ ತಿಳಿಸತಕ್ಕದ್ದು.
ರಾತ್ರಿ ಹಾಸ್ಟೆಲಿನಲ್ಲಿ, ನಾಲ್ಕು ಮಂಚದ ಕೋಣೆಯಲ್ಲಿ,
ನನಗೆ ಹೇಳಲು ಏನೂ ಉಳಿದಿರುತ್ತಿರಲಿಲ್ಲ.

ಎಪ್ಪತ್ತಮೂರರ ಆಗಸ್ಟು, ಸೋಮವಾರ.
ಪಾಳಿಗೆ ಬಂದವರು ಒಳಗೆ ಹೋಗಲಿಲ್ಲ.
ಗೇಟಿನ ಮುಂದೆ ಕೂತರು: ಕವಾಲದ ಸ್ತಮಾತಿಯಾ,
ಇಬ್ಬರು ಸ್ಪೇನಿನವರು, ನಮ್ಮ ಕಡೆಯ ನೂರಾರು ಹೆಂಗಸರು,
ಗುಲಿಜಾರ್, ಅವಳ ಮಡಿಲಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ.
ಗಂಟೆಗೆ ಒಂದು ಮಾರ್ಕ್ ಹೆಚ್ಚು ಬೇಕು,
ಆ ಎರಡನೇ ದರ್ಜೆ ಹೋಗಬೇಕು.
ಇಷ್ಟನ್ನು ಯಾರೋ ರಟ್ಟಿನ ಮೇಲೆ ಬರೆದಿದ್ದರು,
ಕಾಗುಣಿತ ತಪ್ಪಿತ್ತು. ತಿದ್ದಲು ಕೈ ಹೋಯಿತು.
ಹಿಂದಕ್ಕೆ ಎಳೆದುಕೊಂಡೆ.

ಪೊಲೀಸರು ಬಂದರು. ಒಬ್ಬಳ ಕೋಟಿನ ತೋಳು
ಒಬ್ಬನ ಕೈಯಲ್ಲೇ ಉಳಿಯಿತು.
ಡೈರೆಕ್ಟರ್ ಕ್ರುಕೆನ್‌ಬರ್ಗ್ ಮೆಗಾಫೋನು ನನ್ನ ಕೈಗಿತ್ತ:
ಒಂದು ಗಂಟೆಯೊಳಗೆ ಒಳಗೆ ಬರದವರಿಗೆ ಕೆಲಸವಿಲ್ಲ,
ಕೆಲಸವಿಲ್ಲದವರಿಗೆ ಈ ದೇಶವಿಲ್ಲ. ಹೇಳು.

ಸರ್ಬಿಯನ್ನಿನಲ್ಲಿ ಅಕ್ಷರಶಃ ಹೇಳಿದೆ. ನನ್ನ ಬೆನ್ನ ಹಿಂದೆ
ಆಫೀಸಿನ ರಾಟ್ಕೊ ಇದ್ದ, ಅವನಿಗೆ ಆ ಭಾಷೆ ಬರುತ್ತಿತ್ತು.
ನಮ್ಮವರ ಮುಖ ಒಂದೊಂದಾಗಿ ಮುಚ್ಚಿದ್ದನ್ನು ಕಂಡೆ.
ಅದನ್ನು ಮರೆತೆನೆಂದು ನಾನು ಹೇಳುವುದಿಲ್ಲ.

ಆಮೇಲೆ ಟರ್ಕಿಶ್. ಅದು ಅಲ್ಲಿ ಯಾವ ಸೂಟಿಗೂ ಬಾರದು.
ಶುಕ್ರವಾರದ ಮೀಟಿಂಗಿನಲ್ಲಿ ಕಾಫಿ ಆರುವವರೆಗೆ ಕೂತು
ನಾನು ಕೇಳಿಸಿಕೊಂಡದ್ದು ಒಂದಿತ್ತು.
ಅದೇ ದನಿ, ಅದೇ ಗತ್ತು, ಬೆರಳೂ ಎತ್ತಿ ಹೇಳಿದೆ:
ಗೋದಾಮಿನಲ್ಲಿ ಮೂರೇ ದಿನದ ಮಾಲಿದೆ.
ನಾಲ್ಕನೇ ದಿನ ಕಾರಿನ ಕಾರ್ಖಾನೆಗಳು ನಿಲ್ಲುತ್ತವೆ.
ಇವನಿಗೆ ರಾತ್ರಿ ನಿದ್ದೆಯಿಲ್ಲ. ಏಳಬೇಡಿ.

ಒಂದು ಕ್ಷಣ ಬೀಜ ಒಡೆಯುವ ಸದ್ದೂ ನಿಂತಿತು.
ಗುಲಿಜಾರ್ ತಲೆ ತಗ್ಗಿಸಿದಳು, ಹೆದರಿದವಳ ಹಾಗೆ.
ಎಂಥ ನಟಿ!
ಆಮೇಲೆ ಮಾತು ಅವಳಿಂದ ಸ್ತಮಾತಿಯಾಳಿಗೆ,
ಮುರುಕು ಜರ್ಮನ್ನಿನಲ್ಲಿ, ಬೆರಳೆಣಿಕೆಯಲ್ಲಿ,
ಬೀಜದ ಪೊಟ್ಟಣದ ಜೊತೆ ಕೈಯಿಂದ ಕೈಗೆ ಹೋಯಿತು;
ನಮ್ಮವರಿಗೂ ತಲುಪಿತು, ನನ್ನಿಂದಲ್ಲ.

ಗುರುವಾರ ಇರ್ಮ್‌ಗಾರ್ಡ್ ಎಂಬ ಜರ್ಮನ್ ಹೆಂಗಸು
ಒಳಗಿನಿಂದ ತನ್ನ ಸ್ಟೂಲು ಹೊತ್ತು ಬಂದು
ಬಿಸಿಲಲ್ಲಿ ಇವರ ಪಕ್ಕ ಹಾಕಿ ಕೂತಳು. ಮಾತಿಲ್ಲ.
ಅವಳ ಹಿಂದೆ ಉಪಕರಣ ವಿಭಾಗದ ಗಂಡಸರು.
ಯಂತ್ರಗಳು ನಿಂತಾಗ ಗೊತ್ತಾಯಿತು,
ಇಷ್ಟು ವರ್ಷ ನಾವು ಕಿರುಚಿಕೊಂಡೇ ಮಾತಾಡಿದ್ದೆವು.

ಒಂದು ಮಾರ್ಕ್ ಸಿಗಲಿಲ್ಲ, ಮೂವತ್ತು ಫೆನಿಗ್ ಸಿಕ್ಕಿತು.
ದರ್ಜೆ ಎರಡು ಹೋಯಿತು.
ನಾನೂ ಹೋದೆ. ಟರ್ಕಿಶ್ ಬಲ್ಲವನೊಬ್ಬ
ಅವರಿಗೆ ಕೊನೆಗೂ ಸಿಕ್ಕಿದ್ದ.
ಎರಡು ನಾಲಗೆಯವಳು ಅಂದರು.
ಲೆಕ್ಕದಲ್ಲಿ ಅವರು ಯಾವಾಗಲೂ ಒಂದು ಕಡಿಮೆ ಹಿಡಿಯುತ್ತಾರೆ.

ತಿಂಗಳ ಕೊನೆಗೆ ಗುಲಿಜಾರ್ ಬಸ್ಸು ಬದಲಿಸಿ
ನನ್ನ ಕೋಣೆ ಹುಡುಕಿ ಬಂದಳು, ಹೊಸ ಚೀಟಿ ಹಿಡಿದು.
ಹಳೆಯ ಮಾತಿದ್ದ ಜಾಗಕ್ಕೆ ಬೆರಳಿಟ್ಟು,
ಓದು, ಅಂದಳು.
ಇಲ್ಲೇನೂ ಬರೆದಿಲ್ಲ, ಅಂದೆ.
ಇನ್ನೊಮ್ಮೆ ಹೇಳು, ಅಂದಳು.